ಮೂರು ಹೂವಿನ ಎಣ್ಣೆ

ಸಕಲೇಶಪುರದಿಂದ ಎಂಟು ಮೈಲಿ ಒಳಗಿದ್ದ ನಮ್ಮ ಊರಿನಲ್ಲಿ ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಆಶ್ಲೇಷಾ ಕಳೆಯುವವರೆಗೆ ಒಗೆದ ಬಟ್ಟೆ ಒಲೆಯ ಮೇಲಣ ಅಟ್ಟದಲ್ಲಲ್ಲದೆ ಮತ್ತೆಲ್ಲಿಯೂ ಒಣಗುತ್ತಿರಲಿಲ್ಲ, ಉಪ್ಪಿನ ಮರಿಗೆಯಲ್ಲಿ ನೀರು ಒಸರುತ್ತಿದ್ದಿತು, ಗೋಡೆಗಳು ಅಂಗೈಯಿಟ್ಟರೆ ತಣ್ಣನೆ ಬೆವರುತ್ತಿದ್ದವು, ಮತ್ತು ನನ್ನ ಎದೆ ಗೊರಗೊರ ಎನ್ನಲಾರಂಭಿಸುತ್ತಿದ್ದಿತು. ಈ ನಾಲ್ಕನ್ನೂ ನಮ್ಮ ಮನೆಯವರು ಒಂದೇ ಜಾತಿಯ ಋತುಲಕ್ಷಣಗಳೆಂದು ಎಣಿಸಿದ್ದುದರಿಂದ ನನ್ನ ಉಬ್ಬಸದ ವಿಷಯದಲ್ಲಿ ಯಾರೂ ವಿಶೇಷವಾಗಿ ಗಾಬರಿಗೊಳ್ಳುತ್ತಿರಲಿಲ್ಲ. ಮಳೆ ನಿಂತರೆ ಇದೂ ನಿಲ್ಲುತ್ತದೆಯೆಂಬ ಅವರ ನಂಬಿಕೆ ಬಹುಮಟ್ಟಿಗೆ ಸತ್ಯವೂ ಆಗಿದ್ದಿತು. ಆದರೆ ಮಳೆ ನಿಲ್ಲುವ ತನಕ ರಾತ್ರಿಗಳನ್ನು ಕಳೆಯಬೇಕಲ್ಲ. ಆ ರಾತ್ರಿಗಳು ನನ್ನ ಪಾಲಿಗೂ ನನ್ನ ಸೋದರತ್ತೆಯ ಪಾಲಿಗೂ ಬಂದಿದ್ದವು.

ಉಬ್ಬಸವನ್ನು ಬಲ್ಲವರಿಗೆ ಅದರ ವರ್ಣನೆ ಬೇಡ. ಅರಿಯದವರಿಗೆ ಎಷ್ಟು ಹೇಳಿದರೂ ತಿಳಿಯದು. ಉಸಿರು ಒಳಕ್ಕೆ ಹೇಗೋ ಬರುತ್ತದೆ. ಬಂದದ್ದು ಹೊರಕ್ಕೆ ಹೊರಡಲು ಒಪ್ಪುವುದಿಲ್ಲ, ಬೇಡದ ನೆಂಟನಂತೆ ಎದೆಯೊಳಗೇ ಕೂತುಬಿಡುತ್ತದೆ. ಮಲಗಿದರೆ ಉಸಿರು ಕಟ್ಟುವುದರಿಂದ ನಾನು ಮಡಿಸಿದ ಹಾಸಿಗೆಗೆ ಒರಗಿ, ಮೊಣಕಾಲುಗಳನ್ನು ತಬ್ಬಿಕೊಂಡು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೂ ನನ್ನ ಎದೆಯ ಸದ್ದಿಗೂ ನಡುವೆ ಒಂದು ತಾಳವನ್ನು ಹುಡುಕುತ್ತ ಕುಳಿತಿರುತ್ತಿದ್ದೆ. ಎಷ್ಟು ಹೊತ್ತಿಗೆಂದು ಹೇಳಲಾರೆ, ಅತ್ತೆ ಒಂದು ಕೈಯಲ್ಲಿ ಬುಡ್ಡಿದೀಪವನ್ನೂ ಮತ್ತೊಂದರಲ್ಲಿ ಕೆಂಡದ ಮೇಲೆ ಬಿಸಿಮಾಡಿದ ಕೊಬ್ಬರಿ ಎಣ್ಣೆಯ ಹಿತ್ತಾಳೆ ಬಟ್ಟಲನ್ನೂ ಹಿಡಿದು ಬರುತ್ತಿದ್ದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದ ಕಂದುಬಣ್ಣದ ಸೀಸೆಯನ್ನು ಬಿಡಿಸಿ, ಬಿರಡೆಯನ್ನು ಹಲ್ಲಿನಿಂದ ಎಳೆದು, ಬಟ್ಟಲಿಗೆ ಎಣಿಸಿ ಐದು ತೊಟ್ಟು ಬಿಟ್ಟು, ಕೂಡಲೇ ಬಿರಡೆಯನ್ನು ಮತ್ತೆ ಒತ್ತುತ್ತಿದ್ದಳು. ಬಿರಡೆ ಸಡಿಲವಾಗಿದ್ದರೆ ಆ ಎಣ್ಣೆ ಹಾರಿಹೋಗುತ್ತದೆಯೆಂಬುದು ಅವಳ ದೊಡ್ಡ ಚಿಂತೆ. ಮನೆಯಲ್ಲಿ ಕಳ್ಳತನವಾಗಬಹುದೆಂದು ಅವಳು ಅಷ್ಟು ಹೆದರಿದ್ದನ್ನು ನಾನು ಕಂಡಿಲ್ಲ.

ಅದಕ್ಕೆ ಅವಳು ಇಟ್ಟಿದ್ದ ಹೆಸರು ಮೂರು ಹೂವಿನ ಎಣ್ಣೆ. ಹೂವೆಂದರೆ ಗಿಡದಲ್ಲಿ ಅರಳುವ ಹೂವಲ್ಲ. ಆವಿಯಾಗಿ ಏರಿ ತಣಿದು ಹರಳುಗಟ್ಟಿದ ಸತ್ತ್ವಕ್ಕೆ ಗ್ರಂಧಿಗೆ ಅಂಗಡಿಯವರು ಹೂವೆನ್ನುತ್ತಾರೆ. ಪಿಪ್ಪರಮಿಂಟಿನ ಹೂವು, ಓಮದ ಹೂವು, ಕರ್ಪೂರ, ಇವು ಮೂರೂ ಸಮಭಾಗ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಕೋರ್ಟಿನ ಕೆಲಸವಿದ್ದು ಹಾಸನಕ್ಕೆ ಹೋಗುತ್ತಿದ್ದ ದೊಡ್ಡಪ್ಪ ಮೂರು ಪೊಟ್ಟಣಗಳನ್ನು ಬೇರೆಬೇರೆ ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದರು. ಬೇರೆಬೇರೆ ಜೇಬು ಏಕೆಂಬುದು ಮುಂದೆ ತಿಳಿಯುತ್ತದೆ. ಪಿಪ್ಪರಮಿಂಟಿನ ಹೂವು ಸೂಜಿಯಂತೆ ನೀಳವಾದ, ಗಾಜಿನಂತೆ ಹೊಳೆಯುವ ಹರಳು. ಅದು ಜಪಾನಿನ ಸರಕೆಂದು ಅಂಗಡಿಯವನು ಪ್ರತಿ ಸಲವೂ ಹೇಳುತ್ತಿದ್ದನಂತೆ, ದೊಡ್ಡಪ್ಪನೂ ಪ್ರತಿ ಸಲವೂ ಅದನ್ನು ನಮಗೆ ವರದಿಮಾಡುತ್ತಿದ್ದರು. ಅವನು ಹೇಳಿದ್ದು ಸುಳ್ಳಿರಲಾರದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಪ್ರಪಂಚಕ್ಕೆ ಬೇಕಾದ ಮೆಂಥಾಲಿನ ಬಹುಭಾಗ ಜಪಾನಿನ ಉತ್ತರದ್ವೀಪವಾದ ಹೊಕ್ಕೈಡೋದ ಕಿತಾಮಿ ಎಂಬ ಸೀಮೆಯ ಪುದೀನದ ಹೊಲಗಳಿಂದಲೇ ಹೊರಡುತ್ತಿದ್ದಿತು.

ಅತ್ತೆ ಅಕ್ಕಸಾಲಿಗರ ಮನೆಯಿಂದ ಚಿಕ್ಕ ತಕ್ಕಡಿಯನ್ನು ಎರವಲು ತರಿಸಿ, ಮಡಿಯುಟ್ಟು, ಮೂರನ್ನೂ ತೂಗಿ ಒಂದಾದ ಮೇಲೊಂದರಂತೆ ಸೀಸೆಯೊಳಕ್ಕೆ ಇಳಿಬಿಡುತ್ತಿದ್ದಳು. ಒಂದು ತೊಟ್ಟು ನೀರಿಲ್ಲ, ಒಂದು ಕಿಡಿ ಬೆಂಕಿಯಿಲ್ಲ. ಮೂರೂ ಗಟ್ಟಿ ಪದಾರ್ಥಗಳು, ಮೂರೂ ಒಣಗಿದವು. ಆದರೂ ಸೀಸೆಯನ್ನು ನಾಲ್ಕು ಸಲ ಅಲುಗಿಸುವುದರೊಳಗೆ ಹರಳುಗಳ ಅಂಚು ಮಸುಕಾಗಿ, ತೇವಗೊಂಡು, ಒಂದನ್ನೊಂದು ಕರಗಿಸುತ್ತ, ಕಾಲುಗಂಟೆಯಲ್ಲಿ ಸೀಸೆಯ ತುಂಬ ತಿಳಿಯಾದ ಎಣ್ಣೆಯೇ ನಿಲ್ಲುತ್ತಿದ್ದಿತು. ಆ ಕಾಲುಗಂಟೆ ಮನೆಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಸುತ್ತ ಕುಳಿತಿರುತ್ತಿದ್ದೆವು. ನಾನಂತೂ ಬೇಡವೆಂದರೂ ಬಿಗಿಹಿಡಿಯುವವನೇ. ಬಹುಕಾಲದ ಮೇಲೆ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ಗೆಳೆಯನೊಬ್ಬ ಇದರ ಮರ್ಮವನ್ನು ಬಿಡಿಸಿ ಹೇಳಿದ. ಮೆಂಥಾಲ್ ತಾನಾಗಿ ಕರಗಬೇಕಾದರೆ ಸುಮಾರು 42 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು, ಓಮದ ಹೂವಾದ ಥೈಮಾಲಿಗೆ ಸುಮಾರು 50, ಕರ್ಪೂರಕ್ಕೆ 175ಕ್ಕೂ ಮಿಗಿಲು. ಆದರೆ ಇವು ಒಂದರೊಡನೊಂದು ಬೆರೆತಾಗ ಒಂದರ ಅಣುಗಳು ಇನ್ನೊಂದರ ಅಣುಗಳನ್ನು ಸಾಲಾಗಿ ಒತ್ತೊತ್ತಿ ನಿಲ್ಲಗೊಡದೆ ಕೆಡಿಸುವುದರಿಂದ, ಯಾವುದೊಂದೂ ಹರಳಾಗಿ ಉಳಿಯಲಾರದೆ ಮನೆಯೊಳಗಣ ಸಾಧಾರಣ ಶಾಖದಲ್ಲಿಯೇ ದ್ರವವಾಗಿಬಿಡುತ್ತವೆ. ದೊಡ್ಡಪ್ಪನ ಮೂರು ಜೇಬುಗಳ ಹಿಂದೆ ಇದ್ದದ್ದು ಈ ಶಾಸ್ತ್ರವೇ. ಒಮ್ಮೆ ಅವರು ಮರೆತು ಮೂರನ್ನೂ ಕೋಟಿನ ಒಂದೇ ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಕುಳಿತು, ಮನೆಗೆ ಬರುವ ಹೊತ್ತಿಗೆ ಕಾಗದವೂ ಕೋಟೂ ಒಳಗಣ ಅಂಗಿಯೂ ನೆನೆದು, ಎದೆಯ ಎಡಗಡೆ ಮಂಜಿನ ಗಡ್ಡೆಯಿಟ್ಟಂತಾಗಿದೆಯೆಂದು ನಡುಗುತ್ತ ಇಳಿದಿದ್ದರು. ಆ ಕೋಟು ಎರಡು ವರ್ಷ ಘಮಘಮಿಸಿತು.

ನಮ್ಮ ಮನೆಯ ವೈದ್ಯದಲ್ಲಿ ಒಂದು ಬಗೆಯ ಅಧಿಕಾರಭೇದವಿದ್ದಿತು. ತಲೆನೋವು ಅಮೃತಾಂಜನದ ಅಧಿಕಾರಕ್ಕೆ ಸೇರಿದ್ದು. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಬೊಂಬಾಯಿಯಲ್ಲಿ ಆರಂಭಿಸಿದ ಆ ಹಳದಿ ಮುಲಾಮು, ಅವರದೇ ಆಂಧ್ರಪತ್ರಿಕೆಯಂತೆ ಮದರಾಸಿಗೆ ಬಂದು, ಅಲ್ಲಿಂದ ದಕ್ಷಿಣದೇಶದ ಗೂಡುಗೂಡನ್ನೂ ಸೇರಿದ್ದಿತು. ಮೂಗು ಕಟ್ಟಿದರೆ ನೀಲಗಿರಿ ಎಣ್ಣೆ, ಕುದಿವ ನೀರಿಗೆ ಎರಡು ತೊಟ್ಟು ಹಾಕಿ ಕಂಬಳಿ ಮುಸುಕಿಕೊಂಡು ಹಬೆ. ಆಸ್ಟ್ರೇಲಿಯದಿಂದ ಬಂದ ಮರವೊಂದು ನಮ್ಮ ಬೆಟ್ಟದ ಹೆಸರನ್ನೇ ತನ್ನ ಹೆಸರು ಮಾಡಿಕೊಂಡು ಕನ್ನಡಿಗನಾಗಿಬಿಟ್ಟ ಸೋಜಿಗವನ್ನು ಆಗ ಯಾರೂ ಗಮನಿಸಿರಲಿಲ್ಲ. ಎದೆಗೆ ಮಾತ್ರ ಮೂರು ಹೂವಿನ ಎಣ್ಣೆ. ಎರಡು ವರ್ಷ ತುಂಬದ ಕೂಸುಗಳಿಗೆ ಅದನ್ನು ಸೋಕಿಸಲು ಅತ್ತೆ ಬಿಡುತ್ತಿರಲಿಲ್ಲ. ಅವಕ್ಕೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪದ ಮೇಲೆ ಹಿಡಿದು ಬಾಡಿಸಿ, ತನ್ನ ಕೆನ್ನೆಗೆ ಒತ್ತಿ ಬಿಸಿಯನ್ನು ಪರೀಕ್ಷಿಸಿ, ಎದೆಯ ಮೇಲೆ ಇಡುತ್ತಿದ್ದಳು. ಕೂಸಿನ ಮೂಗಿನ ಬಳಿ ಕರ್ಪೂರ ತರಬಾರದೆಂದು ಅವಳಿಗೆ ಹೇಳಿದವರು ಯಾರೋ ಕಾಣೆ. ಇಂದಿನ ಮುಲಾಮು ಡಬ್ಬಿಗಳ ಮೇಲೆ ಅದೇ ಎಚ್ಚರಿಕೆಯನ್ನು ಓದಿದಾಗಲೆಲ್ಲ ನನಗೆ ಅವಳ ಕೆನ್ನೆಗಂಟಿದ ಎಲೆಯ ಹಸುರು ಕಲೆ ನೆನಪಾಗುತ್ತದೆ.

ಅವಳು ಹಚ್ಚುವ ಕ್ರಮ ಹೀಗೆ: ಮೊದಲು ಬೆನ್ನು, ತರುವಾಯ ಪಕ್ಕೆ, ಕೊನೆಗೆ ಎದೆ. ಮೊದಲು ಕೊಬ್ಬರಿ ಎಣ್ಣೆಯ ಬಿಸಿ ತಗುಲಿ, ಆ ಬಿಸಿಯೊಳಗಿನಿಂದಲೇ ಚಳಿ ಮೆಲ್ಲಗೆ ಮೊಳೆತು ಹಬ್ಬಿ, ಬಿಸಿಯೋ ತಂಪೋ ಎಂದು ಚರ್ಮಕ್ಕೇ ನಿಶ್ಚಯಿಸಲಾಗದ ಒಂದು ಸಂಧಿಕಾಲ ಬರುತ್ತಿದ್ದಿತು. ಆಮೇಲೆ ಮೂಗಿನೊಳಗೆ ಗಾಳಿ ಅಗಲವಾಗುತ್ತಿದ್ದಿತು. ಗಾಳಿ ಅಗಲವಾಗುವುದೆಂದರೇನೆಂದು ಕೇಳಬಾರದು, ನಾನು ಅನುಭವಿಸಿದ್ದನ್ನು ಅನುಭವಿಸಿದ ಮಾತಿನಲ್ಲಿ ಹೇಳುತ್ತಿದ್ದೇನೆ. ಬಾಗಿಲು ಮುಚ್ಚಿದ ಕೋಣೆಯೊಳಕ್ಕೆ ಬೆಟ್ಟದ ಗಾಳಿ ಹೊಕ್ಕಂತಾಗಿ, ಗೊರಗೊರ ಹಾಗೆಯೇ ಇದ್ದರೂ ಅದರ ಭಯ ಹೋಗಿ, ನಾನು ಕುಳಿತಲ್ಲಿಯೇ ನಿದ್ರಿಸುತ್ತಿದ್ದೆ.

1961ರ ಆಶ್ಲೇಷಾ ಮಳೆಯಲ್ಲಿ ಒಂದು ರಾತ್ರಿ ನನಗಾಗಿ ಬಿಸಿಮಾಡಿದ ಬಟ್ಟಲು ನನ್ನ ಬಳಿಗೆ ಬರಲಿಲ್ಲ. ದೊಡ್ಡಪ್ಪನ ಕೋಣೆಯಲ್ಲಿ ದೀಪ ಉರಿಯುತ್ತಿದ್ದಿತು. ಊಟವಾಗಿ ಮಲಗಿದವರಿಗೆ ನಡುರಾತ್ರಿಯಲ್ಲಿ ಎದೆ ಹಿಡಿದುಕೊಂಡು ಎಚ್ಚರವಾಗಿದ್ದಿತು. ಹಲಸಿನ ಹಣ್ಣಿನ ಕಡುಬು ಎರಡು ಹೆಚ್ಚಾಗಿದ್ದಿತು, ವಾಯು ಎದೆಗೇರಿದೆ ಎಂದು ಅವರೇ ರೋಗನಿರ್ಣಯ ಮಾಡಿಕೊಂಡು ತಂಗಿಯನ್ನು ಕೂಗಿದ್ದರು. ಅತ್ತೆ ಹಚ್ಚಿದಳು. ಅವರು ಸ್ವಲ್ಪ ಹೊತ್ತಿನ ಮೇಲೆ, “ತಣ್ಣಗಾಯಿತಮ್ಮ, ಹಗುರವಾಯಿತು” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಈ ಎಡದೋಳಿಗೂ ಒಂದಿಷ್ಟು ಹಚ್ಚು, ಸೆಳೆಯುತ್ತದೆ” ಎಂದರು. ಅವಳು ಅಲ್ಲಿಗೂ ಹಚ್ಚಿದಳು. ಮೈತುಂಬ ಬೆವರು ಒಡೆಯಿತು. ಬೆವರು ಬಂದರೆ ಜಡ್ಡು ಇಳಿಯಿತೆಂಬುದು ನಮ್ಮ ಕಡೆಯ ತಿಳಿವಳಿಕೆ. ಅವಳು ಸಮಾಧಾನಗೊಂಡು ಸೆರಗಿನಿಂದ ಒರೆಸಿ, ಒರೆಸಿದ ಕಡೆ ಎಣ್ಣೆ ಹೋಯಿತಲ್ಲ ಎಂದು ಮತ್ತೆ ಹಚ್ಚಿದಳು. ಬಾಗಿಲ ಸಂದಿನಲ್ಲಿ ನಿಂತು ನಾನು ಇದೆಲ್ಲವನ್ನೂ ನೋಡಿದೆ. ನನಗೆ ಆಗ ಹದಿಮೂರು ವರ್ಷ. ನನ್ನ ಸರದಿ ಯಾವಾಗ ಬರುವುದೋ ಎಂಬುದೊಂದೇ ನನ್ನ ಚಿಂತೆಯಾಗಿದ್ದಿತೆಂದು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ.

ಬೆಳಗಿನ ಜಾವ ನಮ್ಮ ತಂದೆ ಗಾಡಿ ಕಟ್ಟಿಸಿಕೊಂಡು ಹೋಗಿ ಡಾಕ್ಟರನ್ನು ಕರೆತರುವ ಹೊತ್ತಿಗೆ ಹತ್ತು ಗಂಟೆಯಾಗಿದ್ದಿತು; ದೊಡ್ಡಪ್ಪ ಎಂಟಕ್ಕೆ ಹೋಗಿದ್ದರು. ಡಾಕ್ಟರು ಸೌಮ್ಯರು. ಅವರು ಕೇಳಿದ್ದು ಎರಡೇ ಪ್ರಶ್ನೆ: ನೋವು ಎಡದೋಳಿಗೆ ಇಳಿದಿತ್ತೆ, ಬೆವರಿದ್ದರೆ? ಎರಡಕ್ಕೂ ಅತ್ತೆ ಹೌದೆಂದಳು. ಅವರು ಮತ್ತೇನೂ ಅನ್ನದೆ ಸ್ಟೆತಾಸ್ಕೋಪನ್ನು ಮಡಿಸಿ ಚೀಲದೊಳಗಿಟ್ಟರು. ಜಗಲಿಗೆ ಬಂದ ಮೇಲೆ, ಇದು ವಾಯುವಲ್ಲ, ಹೃದಯದ್ದು, ರಾತ್ರಿಯೇ ಬಂದಿದ್ದರೂ ನನ್ನ ಚೀಲದಲ್ಲಿ ನೋವಡಗಿಸುವ ಒಂದು ಮಾರ್ಫಿಯಾ ಇಂಜೆಕ್ಷನ್ನೂ ಅಲುಗದೆ ಮಲಗಿರಿ ಎಂಬ ಒಂದು ಮಾತೂ ಹೊರತು ಬೇರೆ ಏನೂ ಇರಲಿಲ್ಲವೆಂದು ತಂದೆಗೆ ಹೇಳಿದರಂತೆ. ಆ ಕಾಲಕ್ಕೆ ಅದು ನಿಜವೇ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಗಳು ನಮ್ಮಂಥ ಊರುಗಳ ಆಸ್ಪತ್ರೆಗೆ ಬರಲು ಇನ್ನೂ ದಶಕಗಳು ಬೇಕಾಗಿದ್ದವು. ಆದರೆ ಆ ಮಾತನ್ನು ಅವರು ಜಗಲಿಯಲ್ಲಿ ಹೇಳಿದರು, ಅತ್ತೆ ಒಳಗಿದ್ದಳು. ಒಳಗೆ ಕೇಳಿಸಿದ್ದು ಪ್ರಶ್ನೆಗಳು ಮಾತ್ರ. ನಮ್ಮ ತಂದೆ ಆ ಮಾತನ್ನು ಅವಳಿಗೆ ಮುಟ್ಟಿಸಿದರೋ ಇಲ್ಲವೋ, ಮುಟ್ಟಿಸಿದ್ದರೆ ಅವಳು ನಂಬಿದಳೋ ಇಲ್ಲವೋ, ಇಬ್ಬರೂ ಹೇಳದೆ ಹೋದರು.

ಆ ವರ್ಷವೆಲ್ಲ ಸೀಸೆ ಅಟ್ಟದ ಮೇಲಿದ್ದಿತು. ಮರುವರ್ಷ ಆರಿದ್ರೆಯಲ್ಲಿ ನನ್ನ ಎದೆ ಕಟ್ಟಿದಾಗ ನಾನು ಕೇಳಲಿಲ್ಲ, ಅವಳು ಬರಲಿಲ್ಲ. ಮೂರನೆಯ ರಾತ್ರಿ ಬಂದಳು. ಬಟ್ಟಲನ್ನು ಕೆಳಗಿಟ್ಟು, ಬಿರಡೆಯ ಮೇಲೆ ಬೆರಳಿಟ್ಟುಕೊಂಡೇ, “ಎಡದೋಳು ನೋಯುತ್ತದೆಯೇನೋ?” ಎಂದಳು. ಇಲ್ಲವೆಂದೆ. “ಬೆವರಿದ್ದೀಯಾ?” ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಹಚ್ಚಿದಳು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಮನೆಯವರಿಗಾಗಲಿ ನೆರೆಯವರಿಗಾಗಲಿ ಈ ಎರಡು ಪ್ರಶ್ನೆಗಳನ್ನು ಕೇಳದೆ ಅವಳು ಬಿರಡೆ ತೆಗೆದದ್ದಿಲ್ಲ. ನೆಗಡಿಯಾಗಿ ಮೂಗು ಸುರಿಸುತ್ತ ಬಂದ ಐದು ವರ್ಷದ ಮಗುವೂ ತನ್ನ ಎಡದೋಳಿನ ವಿಚಾರವಾಗಿ ಅವಳಿಗೆ ಸಾಕ್ಷ್ಯ ಹೇಳಬೇಕಾಗಿದ್ದಿತು. ಮಕ್ಕಳು ಅದನ್ನು ಆಟವಾಗಿ ಮಾಡಿಕೊಂಡು, ಅವಳು ಬಾಯಿ ತೆರೆಯುವ ಮೊದಲೇ, “ಎಡದೋಳು ನೋಯಲ್ಲ ಅಜ್ಜಿ, ಬೆವರಿಲ್ಲ ಅಜ್ಜಿ” ಎಂದು ರಾಗವಾಗಿ ಒಪ್ಪಿಸುತ್ತಿದ್ದರು. ಅವಳು ನಗುತ್ತಿರಲಿಲ್ಲ. ವಯಸ್ಸಾದವರೊಬ್ಬರು ಒಮ್ಮೆ ಹೌದು ಸ್ವಲ್ಪ ಸೆಳೆಯುತ್ತದೆ ಎಂದಾಗ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು, ಕೊಡುವುದಿಲ್ಲ, ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಹಟಹಿಡಿದು ಬಸ್ಸು ಹತ್ತಿಸಿದಳು. ಅವರಿಗೆ ಏನೂ ಆಗಿರಲಿಲ್ಲ. ಗದ್ದೆಯಲ್ಲಿ ಬಿದ್ದು ತೋಳು ಉಳುಕಿದ್ದಿತು. ಅವರು ಬಹಳ ಕಾಲ ಅವಳ ಮೇಲೆ ಕೋಪದಿಂದಿದ್ದರು.

ನಾನು ಮೈಸೂರಿಗೆ ಬಂದು ಕಾನೂನು ಓದುತ್ತಿದ್ದಾಗ, ವ್ಯಾಪಾರಚಿಹ್ನೆಗಳ ಪಾಠಕ್ಕಾಗಿ ಸುಪ್ರೀಂ ಕೋರ್ಟಿನ 1962ರ ತೀರ್ಪೊಂದನ್ನು ತೆರೆದೆ. ಅದರ ತುಂಬ ಅತ್ತೆಯ ಸೀಸೆಯ ವಾಸನೆ ಹಬ್ಬಿದ್ದಿತು. ಲಾಹೋರಿನಲ್ಲಿ 1901ರಲ್ಲಿ ಆರಂಭವಾಗಿ, ದೇಶವಿಭಜನೆಯ ತರುವಾಯ ಗಡಿದಾಟಿ ಬಂದ ಅಮೃತಧಾರಾ ಎಂಬ ಪ್ರಸಿದ್ಧ ಔಷಧಿಯವರು, 1923ರಿಂದ ಲಕ್ಷ್ಮಣಧಾರಾ ಎಂಬ ಹೆಸರಿನಲ್ಲಿ ಅಂಥದೇ ಔಷಧಿಯನ್ನು ಮಾರುತ್ತಿದ್ದವರ ನೋಂದಣಿಗೆ ತಕರಾರು ಹೂಡಿದ್ದ ಮೊಕದ್ದಮೆ ಅದು. ಪಿಪ್ಪರಮಿಂಟು, ಓಮ, ಕರ್ಪೂರಗಳ ನಮ್ಮ ಮನೆಯ ಯೋಗಕ್ಕೂ ಉತ್ತರದೇಶದ ಮನೆಗಳಲ್ಲಿ ಇದೇ ಅಮೃತಧಾರಾ ಎಂಬ ಹೆಸರೇ ರೂಢಿಯೆಂದು ನನಗೆ ಆಗಲೇ ತಿಳಿದದ್ದು. ಅಮೃತದ ಧಾರೆಗೂ ಲಕ್ಷ್ಮಣನ ಧಾರೆಗೂ ಅರ್ಥದಲ್ಲಿ ಎಷ್ಟು ಅಂತರವಿದ್ದರೇನು, ಕೊಳ್ಳುವವನು ಪದಗಳನ್ನು ಬಿಡಿಸಿ ವ್ಯುತ್ಪತ್ತಿ ನೋಡುವುದಿಲ್ಲ, ಕಿವಿಗೆ ಎರಡೂ ಒಂದೇ ತೆರನಾಗಿ ಕೇಳಿಸುತ್ತವೆ ಎಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಆದರೂ ಎದುರುಪಕ್ಷದವರು ಬಹುಕಾಲದಿಂದ ಪ್ರಾಮಾಣಿಕವಾಗಿ ಮಾರಿಕೊಂಡು ಬಂದಿರುವುದನ್ನೂ ಇವರು ಸುಮ್ಮನಿದ್ದುದನ್ನೂ ಗಮನಿಸಿ ಉತ್ತರಪ್ರದೇಶದ ಮಟ್ಟಿಗೆ ಅವರ ನೋಂದಣಿಯನ್ನು ಉಳಿಸಿದರು. ಪರೀಕ್ಷೆಗೆ ಇಷ್ಟು ಸಾಕಾಗಿದ್ದಿತು. ನಾನು ಮುಂದಕ್ಕೆ ಹೋಗಲಾರದೆ ನಿಂತದ್ದು, ಇಂಥ ಔಷಧಿಯನ್ನು ಕೊಳ್ಳುವವರು ಯಾರು ಎಂದು ನ್ಯಾಯಾಧೀಶರು ವಿವರಿಸುವ ಕಡೆ: ಹಳ್ಳಿಯವರು, ಪಟ್ಟಣದವರು, ಓದಿದವರು, ಓದದವರು, ವೈದ್ಯನಲ್ಲಿಗೆ ಹೋಗುವ ಬದಲು ನೋವು ಕೂಡಲೇ ಶಮನವಾದರೆ ಸಾಕೆನ್ನುವವರು. ದೊಡ್ಡಪ್ಪ ಹೋದ ಒಂಬತ್ತು ತಿಂಗಳಿಗೆ, ದೆಹಲಿಯಲ್ಲಿ ಕುಳಿತು, ನಮ್ಮನ್ನು ಕಂಡರಿಯದವರು, ನಮ್ಮ ಮನೆಯ ಆ ರಾತ್ರಿಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟಿದ್ದರು. ಗ್ರಂಥಾಲಯದ ಫ್ಯಾನು ತಿರುಗುತ್ತಿದ್ದರೂ ನನಗೆ ಉಬ್ಬಸ ಬಂದಂತಾಯಿತು.

ಮೆಂಥಾಲು ಉಸಿರಿನ ದಾರಿಯನ್ನು ತೆರೆಯುವುದೇ ಇಲ್ಲವೆಂಬುದನ್ನು ನಾನು ತಿಳಿದದ್ದು ಇನ್ನೂ ತಡವಾಗಿ. ಕಾರ್ಡಿಫ್ ನಗರದ ರೊನಾಲ್ಡ್ ಎಕಲ್ಸ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಮೆಂಥಾಲಿನ ಆವಿ ಸೇವಿಸಿದವರು ಮೂಗು ಬಿಚ್ಚಿತು, ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ಹೇಳುತ್ತಿದ್ದಾಗಲೂ ಅಳತೆಯ ಯಂತ್ರದಲ್ಲಿ ಗಾಳಿಯ ಹರಿವು ಇದ್ದಷ್ಟೇ ಇದ್ದಿತು. ಚರ್ಮದಲ್ಲಿಯೂ ಮೂಗಿನಲ್ಲಿಯೂ ಚಳಿಯನ್ನು ಅರಿಯುವ ನರಗಳ ತುದಿಯಲ್ಲಿ ಒಂದು ಸಣ್ಣ ದ್ವಾರವಿದೆ, ಟಿಆರ್‌ಪಿಎಂ8 ಎಂದು ಅದಕ್ಕೆ ಹೆಸರು. ಚಳಿ ತಗುಲಿದಾಗ ತೆರೆಯಬೇಕಾದ ಆ ದ್ವಾರವನ್ನು ಮೆಂಥಾಲು ಚಳಿಯಿಲ್ಲದೆಯೂ ತೆರೆಯಿಸುತ್ತದೆ. 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಎಂಬವರ ಪ್ರಯೋಗಶಾಲೆಗಳು ಬೇರೆಬೇರೆಯಾಗಿ ಇದನ್ನು ಕಂಡುಹಿಡಿದವು. ಶಾಖ ಮತ್ತು ಸ್ಪರ್ಶಗಳ ಅರಿವನ್ನು ಕುರಿತ ಕೆಲಸಕ್ಕಾಗಿ ಅವರಿಬ್ಬರಿಗೂ 2021ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಸುಮ್ಮನೆ ಕುಳಿತೆ. ನನ್ನ ಬಾಲ್ಯದ ಅಷ್ಟು ರಾತ್ರಿಗಳಲ್ಲಿ ನನ್ನ ಶ್ವಾಸನಾಳ ಒಂದು ಕೂದಲಿನಷ್ಟೂ ಹಿಗ್ಗಿರಲಿಲ್ಲ. ಗಾಳಿ ಬಂದಿತೆಂದು ನನ್ನ ನರಗಳು ನನಗೆ ಸುಳ್ಳುವರದಿ ಕೊಟ್ಟಿದ್ದವು, ನಾನು ನಂಬಿ ನಿದ್ರೆ ಹೋಗಿದ್ದೆ. ಆ ನಿದ್ರೆ ಮಾತ್ರ ಸುಳ್ಳಲ್ಲ. ಭಯ ಇಳಿದರೆ ಉಸಿರಿನ ಓಟ ತಗ್ಗುತ್ತದೆಯೆಂಬುದೂ ಸುಳ್ಳಲ್ಲ. ಆದರೆ ಹಗುರವಾಯಿತು ಎಂದು ದೊಡ್ಡಪ್ಪನ ಬಾಯಲ್ಲಿ ಹೇಳಿಸಿದ್ದೂ ಅದೇ ದ್ವಾರ, ಅದೇ ವರದಿ. ವಕೀಲನಾಗಿ ನಾನು ಒಬ್ಬನೇ ಸಾಕ್ಷಿ ಎರಡೂ ಪಕ್ಷಕ್ಕೆ ಹೇಳಿಕೆ ಕೊಟ್ಟುದನ್ನು ಕಂಡಿದ್ದೇನೆ, ಅಂಥವನನ್ನು ಪಾಟೀಸವಾಲಿನಲ್ಲಿ ಕೆಡವಿದ್ದೇನೆ. ಇವನನ್ನು ಕೆಡವಲು ನನಗೆ ಮನಸ್ಸು ಬಂದಿಲ್ಲ.

ಒಂದು ಜೂನ್ ತಿಂಗಳಲ್ಲಿ ಮೊಕದ್ದಮೆಯೊಂದರ ಸಲುವಾಗಿ ಲಕ್ನೋಗೆ ಹೋಗಿದ್ದವನು ಬಾರಾಬಂಕಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಆ ವಾಸನೆಯನ್ನು ಮತ್ತೆ ಕಂಡೆ. ಜಪಾನಿನ ಪುದೀನ 1950ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದು, ಉತ್ತರಪ್ರದೇಶದ ಬಯಲಿನಲ್ಲಿ ಬೇರೂರಿ, ಈಗ ಪ್ರಪಂಚಕ್ಕೆಲ್ಲ ಮೆಂಥಾಲನ್ನು ಒದಗಿಸುವುದರಲ್ಲಿ ನಾವೇ ಮೊದಲಿಗರಾಗಿದ್ದೇವೆ. ರೈತರು ಹೊಲದ ಅಂಚಿನಲ್ಲಿಯೇ ಕಬ್ಬಿಣದ ತೊಟ್ಟಿಗಳಲ್ಲಿ ಸೊಪ್ಪನ್ನು ಬೇಯಿಸಿ ಎಣ್ಣೆ ಇಳಿಸುತ್ತಿದ್ದರು. ಹೊರಗೆ ಮೈ ಸುಡುವ ಬಿಸಿಲು, ಮೂಗಿನಲ್ಲಿ ಆಶ್ಲೇಷಾ ಮಳೆ. ಪಕ್ಕದಲ್ಲಿ ಕುಳಿತಿದ್ದವನು ಕಣ್ಣೇಕೆ ಒರೆಸಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, ವಾಸನೆ ಖಾರವಲ್ಲವೆ ಎಂದೆ.

ಅತ್ತೆಯನ್ನು ಕೊನೆಯ ದಿನಗಳಲ್ಲಿ ನಾನು ಮೈಸೂರಿಗೆ ಕರೆತಂದಿದ್ದೆ. ಎಂಬತ್ತು ದಾಟಿದ್ದಿತು. 1984ರ ಮಾಗಿಯ ಚಳಿಯಲ್ಲಿ ಅವಳಿಗೆ ಕೆಮ್ಮು ಹತ್ತಿ, ಡಾಕ್ಟರು ನೋಡಿ ಹೃದಯ ಗಟ್ಟಿಯಾಗಿದೆ, ಕಫ ಅಷ್ಟೇ ಎಂದು ಹೇಳಿಹೋದ ಮೇಲೆ ನಾನು ಸಂತೆಪೇಟೆಗೆ ಹೋಗಿ ಮೂರು ಪೊಟ್ಟಣಗಳನ್ನು ಮೂರು ಜೇಬಿನಲ್ಲಿಟ್ಟುಕೊಂಡು ಬಂದೆ. ಅವಳ ಕಣ್ಣು ಮಂದವಾಗಿದ್ದುದರಿಂದ ಹರಳು ಕರಗುವುದನ್ನು ಅವಳು ನೋಡಲಾಗಲಿಲ್ಲ. ಸೀಸೆಯನ್ನು ಕಿವಿಯ ಬಳಿ ಅಲುಗಿಸಿ, ಕಟಕಟ ಎನ್ನುವುದು ನಿಂತ ಮೇಲೆ, ಆಯಿತು ಎಂದಳು. ನಾನು ಕೊಬ್ಬರಿ ಎಣ್ಣೆ ಬಿಸಿಮಾಡಿ ಪಕ್ಕದಲ್ಲಿ ಕುಳಿತು, ಬಿರಡೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದೆ: “ಎಡದೋಳು ನೋಯುತ್ತದೆಯೆ ಅತ್ತೆ?”

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಕೇಳುವಷ್ಟರಲ್ಲಿ, “ಬಲದೋಳು ನೋಯುತ್ತದೆ ಕಣೋ. ಅದು ರುಬ್ಬುವ ಕಲ್ಲಿನದು. ಅದಕ್ಕೂ ಒಂದಿಷ್ಟು ಹಚ್ಚು” ಎಂದಳು. ಹಚ್ಚತೊಡಗಿದೆ. ಎರಡು ಸಲ ಕೈ ಆಡಿಸಿದ್ದೆನೋ ಇಲ್ಲವೋ, ತಲೆಯೆತ್ತಿ ಗಾಳಿಯನ್ನು ಮೂಸಿ, ಬಿರಡೆ ಹಾಕಿದೆಯೇನೋ ಎಂದಳು.